ಉಕ್ಕಿನ ದಳಕ್ಕೆ ಸೋಲಿಲ್ಲ

ಸುಲಭವಾಗಿ ಸೋಲುವ ಮನುಷ್ಯನನ್ನು ನಾನು ನಂಬುವುದಿಲ್ಲ. ಅವನು ನನ್ನ ತಂಗಿಯನ್ನು ಮದುವೆಯಾಗಲು ಬಂದವನಾದರೆ ಕೇಳುವುದೇ ಬೇಡ.

ನನ್ನ ಕೆಲಸವೇ ಅಂಥದ್ದು. ನಾನು ಲಿಫ್ಟುಗಳ ತಪಾಸಣೆ ಮಾಡುವವನು. ಕಟ್ಟಡದ ಮಾಲೀಕ ಹಲ್ಲು ಕಿರಿಯುತ್ತಾ, "ಎಲ್ಲಾ ಸರಿ ಇದೆ ಸರ್, ಮೊದ್ಲು ಕಾಫಿ ಕುಡೀರಿ" ಎಂದನೆಂದರೆ ನಾನು ನೇರ ಹೋಗಿ ಬ್ರೇಕ್ ನೋಡುತ್ತೇನೆ. ಆಫೀಸಿನಲ್ಲಿ ನನಗೆ ಸಂಶಯಪ್ಪ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ನಾನು ಸಹಿ ಹಾಕಿದ ಲಿಫ್ಟಿನಲ್ಲಿ ಅವರ ಹೆಂಡತಿ ಮಕ್ಕಳೇ ನಿಶ್ಚಿಂತೆಯಿಂದ ಓಡಾಡುತ್ತಾರೆ.

ನಮ್ಮ ಮನೆಯಲ್ಲಿ ಭಾನುವಾರ ಊಟವಾದ ಮೇಲೆ ಯುದ್ಧ ನಡೆಯುತ್ತದೆ. ಶುರು ಮಾಡಿದವರು ಅಪ್ಪ. ಚಿಕ್ಕಂದಿನಲ್ಲಿ ನಾನು ಉಕ್ಕಿನ ದಳದ ಚಿತ್ರಕಥೆ ಪುಸ್ತಕಗಳೆಂದರೆ ಪ್ರಾಣ ಬಿಡುತ್ತಿದ್ದೆ. ಊಟ ನಿದ್ದೆ ಬೇಡದ ಲೋಹದ ಸೈನಿಕರು, ಅವರಿಗೆಲ್ಲ ದೂರದ ನಕ್ಷತ್ರದಿಂದ ಅಪ್ಪಣೆ ಕೊಡುವ ಒಬ್ಬನೇ ದಂಡನಾಯಕ. ಅಪ್ಪನಿಗೆ ಟೀವಿಯಲ್ಲಿ ಬರುತ್ತಿದ್ದ ಗೂಡುಪಡೆ ಧಾರಾವಾಹಿಯ ಹುಚ್ಚು. ಅದೊಂದು ಹುಳಗಳ ಸೈನ್ಯ. ಅದಕ್ಕೆ ನಾಯಕನೇ ಇಲ್ಲ, ಒಂದು ಹುಳ ಕಲಿತದ್ದು ಎಲ್ಲಕ್ಕೂ ಬರುತ್ತದೆ, ಚಳಿ ಮಾತ್ರ ಆಗದು. ಎರಡು ಕಥೆಗಳಿಗೂ ಸಂಬಂಧವೇ ಇಲ್ಲ. ತಮ್ಮ ಪಾಡಿಗೆ ತಾವಿದ್ದ ಸೈನ್ಯಗಳಿಗೆ ಜಗಳ ತಂದಿಟ್ಟದ್ದು ನಮ್ಮ ಊಟದ ಮೇಜು. ಎರಡೂ ಎದುರಾದರೆ ಗೆಲ್ಲುವುದು ಯಾವುದು ಎಂದು ಬಾಯಲ್ಲೇ ವಾದ. ಯಾವ ಗ್ರಹದಲ್ಲಿ ಯುದ್ಧ ಎಂಬುದನ್ನು ಅಮ್ಮ ಹೇಳಬೇಕು. ಅಮ್ಮ ಅದನ್ನು ಓದಿದವಳಲ್ಲ, ಇದನ್ನು ನೋಡಿದವಳಲ್ಲ, ಹಾಗಾಗಿ ಪಕ್ಷಪಾತ ಇರದು ಎಂದು ಆ ಕೆಲಸ ಅವಳಿಗೆ.

ಅಪ್ಪ ತೀರಿಕೊಂಡ ಮೇಲೆ ಗೂಡುಪಡೆಯ ಪರ ತಂಗಿ ನಿಂತಳು. ಪ್ರತಿ ಸಲವೂ ನಾನೇ ಗೆದ್ದೆ. ಶಿಸ್ತು ಇರುವ ಸೈನ್ಯ ಗೆಲ್ಲುವುದರಲ್ಲಿ ಆಶ್ಚರ್ಯವೇನಿದೆ?

ಹೀಗಿರುವಾಗ ತಂಗಿ ಒಬ್ಬನನ್ನು ಮನೆಗೆ ಕರೆತಂದಳು. ಅವಳು ಎಕ್ಸ್‌ರೇ ತೆಗೆಯುವ ಆಸ್ಪತ್ರೆಯ ಎದುರಿಗೇ ಅವನ ಕನ್ನಡಕದ ಅಂಗಡಿ. ಅಮ್ಮನಿಗೆ ಹುಡುಗ ಹಿಡಿಸಿದ. "ನಿಮ್ಮಣ್ಣ ಹೂಂ ಅಂದ್ರೆ ಆಯ್ತು, ಅವನು ಬೇಡ ಅಂದ್ರೆ ಈ ಮನೇಲಿ ಮದುವೆ ನಡಿಯಲ್ಲ" ಎಂದು ಮಾತು ಮುಗಿಸಿದಳು. ತಂಗಿ ನನ್ನ ಮುಖ ನೋಡಿದಳು. ನಾನು, "ಒಂದೆರಡು ತಿಂಗಳು ಮನೆಗೆ ಬಂದು ಹೋಗ್ಲಿ, ನೋಡೋಣ" ಎಂದೆ.

ಕನ್ನಡಕದವನು ಗೂಡುಪಡೆಯ ಭಕ್ತ ಎಂದು ಮೊದಲ ಭಾನುವಾರವೇ ಗೊತ್ತಾಯಿತು. ಯಾವ ಕಂತಿನಲ್ಲಿ ಯಾವ ಹುಳ ಯಾವ ಬಂಡೆಯಲ್ಲಿ ಮೊಟ್ಟೆಯಿಟ್ಟಿತು ಎಂಬುದೂ ಬಾಯಿಪಾಠ. ಸಾಲದ್ದಕ್ಕೆ ನನ್ನ ಉಕ್ಕಿನ ದಳವನ್ನೂ ಅರೆದು ಕುಡಿದಿದ್ದ. ಮಾತು ಶುರು ಮಾಡುವಾಗ ಹುಲಿ. ನಾನು ಒಂದು ಪ್ರಶ್ನೆ ಎಸೆದರೆ ಸಾಕು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ನೀವು ಹೇಳೋದೇ ಸರಿ ಸರ್, ನನಗೆ ಹೊಳೀಲೇ ಇಲ್ಲ" ಎಂದುಬಿಡುತ್ತಿದ್ದ. ಮುಂದಿನ ಭಾನುವಾರವೂ ಅದೇ ಕಥೆ, ಅದರ ಮುಂದಿನದೂ ಅದೇ.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಮೈ ಉರಿಯಿತು. ಇಷ್ಟು ತಿಳಿದವನು ಇಷ್ಟು ಬೇಗ ಸೋಲುವುದು ಹೇಗೆ? ಇವನಿಗೆ ಏನು ಬೇಕು? ಇವತ್ತು ಮೇಜಿನ ಮೇಲೆ ಸುಳ್ಳು ಸೋಲು ಸೋತವನು ನಾಳೆ ನನ್ನ ತಂಗಿಯ ಹತ್ತಿರ ಎಷ್ಟು ಸುಳ್ಳು ಹೇಳಬಹುದು? ಅವನು ಹೋದ ಮೇಲೆ, "ಎಲ್ಲದಕ್ಕೂ ಯಾಕೆ ತಲೆಯಾಡಿಸ್ತಾನೆ ಅವನು?" ಎಂದು ತಂಗಿಯನ್ನು ಕೇಳಿದೆ. "ಒಳ್ಳೇವನಾಗಿದ್ರೂ ನಿಂಗೆ ಕಷ್ಟ ಅಲ್ವಾ?" ಎಂದು ಹೇಳಿ ಎದ್ದು ಹೋದಳು.

ಹಗ್ಗ ಗಟ್ಟಿಯಿದೆಯೇ ಎಂದು ಹಗ್ಗವನ್ನು ಕೇಳುವುದಿಲ್ಲ, ಭಾರ ಹೇರಿ ನೋಡುತ್ತೇವೆ. ಈ ಭಾನುವಾರ ಅದನ್ನೇ ಮಾಡಿದೆ.

ಅಮ್ಮ ಬಟ್ಟೆ ಮಡಿಸುತ್ತಾ, "ಹಿಮದ ಗ್ರಹ" ಎಂದಳು. ಕನ್ನಡಕದವನು ಗೂಡುಪಡೆಯನ್ನು ನೆಲದಡಿಗೆ ಇಳಿಸಿದ. ನಾನು ಎದೆಯುಬ್ಬಿಸಿ ಹೇಳಿದೆ, "ನಮ್ಮೋರಿಗೇನು, ದಂಡನಾಯಕ ಸತ್ರೂ ತಾವೇ ಯೋಚನೆ ಮಾಡಿ ಹೋರಾಡ್ತಾರೆ."

ಶುದ್ಧ ಸುಳ್ಳು. ದಂಡನಾಯಕ ಸತ್ತಾಗ ಇಡೀ ದಳ ನಿಂತಲ್ಲೇ ನಿಂತು ತುಕ್ಕು ಹಿಡಿದ ಕಥೆಯನ್ನು ಓದದವರಿಲ್ಲ. ಹೋದ ತಿಂಗಳು ಇದೇ ಮನುಷ್ಯ ಅದನ್ನು ನನಗೆ ರಸವತ್ತಾಗಿ ಹೇಳಿದ್ದ. ಈಗ ಕನ್ನಡಕ ತೆಗೆದ.

"ಹೌದಲ್ವಾ ಸರ್. ಹಾಗಾದ್ರೆ ನಾವು ಸೋತಂಗೇ."

ನಾನು ಮೇಜು ಗುದ್ದಿದೆ. ನೀರಿನ ಲೋಟ ಉರುಳಿತು. "ಸಿಕ್ಕಿಬಿದ್ದೆ! ಬೇಕಂತಲೇ ಸೋಲ್ತಿದ್ದೀಯ. ಅಮ್ಮಾ, ಈ ನಾಟಕದವನಿಗೆ ನಮ್ಮ ಹುಡುಗಿ ಕೊಡೋದು ಬೇಡ. ಮುಗೀತು."

ಅವನ ಮುಖ ಬಿಳಿಚಿಕೊಂಡಿತು. ತಂಗಿ ಮಾತ್ರ ಗಾಬರಿಯಾಗಲಿಲ್ಲ. ಚೆಲ್ಲಿದ ನೀರನ್ನು ಒರೆಸಿ, ಬಟ್ಟೆಯನ್ನು ಪಕ್ಕಕ್ಕಿಟ್ಟು, ನನ್ನ ಎದುರು ಕೂತಳು.

"ಸೋಲು ಅಂತ ಇವನಿಗೆ ಹೇಳಿಕೊಟ್ಟಿದ್ದು ನಾನು."

"ನೀನಾ?"

"ನಾನೇ. ಇವನು ಗೆದ್ರೆ ನೀನು ಹೂಂ ಅಂತಿದ್ಯಾ? ನೀನು ಸೋತ್ರೆ ವಾರಗಟ್ಟಲೆ ಮುಖ ಊದಿಸ್ಕೊಂಡು, ಮಾತು ಬಿಟ್ಟು ಕೂರ್ತೀಯ. ನಿನ್ನ ಗೆಲ್ಸೋದು ಈ ಮನೇಲಿ ಹೊಸದೇನಲ್ಲ ಅಣ್ಣ. ನಾನೂ ಅದನ್ನೇ ಮಾಡ್ಕೊಂಡು ಬಂದಿದ್ದೀನಿ."

ನಾನು ಅಮ್ಮನ ಕಡೆ ತಿರುಗಿದೆ. ಅಮ್ಮ ಒಂದೇ ಅಂಗಿಯನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು ಮಾಡುತ್ತಿದ್ದಳು. ಆಗ ಹೊಳೆಯಿತು. ಹಿಮದ ಗ್ರಹ, ಮಂಜಿನ ಗ್ರಹ, ಸೂರ್ಯನೇ ಇಲ್ಲದ ಗ್ರಹ. ವರ್ಷಗಳಿಂದ ಈ ಹೆಂಗಸು ಹುಳಗಳಿಗೆ ಹಿತವಾಗುವ, ಬಿಸಿಲಿರುವ ಒಂದು ಗ್ರಹವನ್ನೂ ಕೊಟ್ಟಿರಲಿಲ್ಲ! ನಾನು ಊರ ಲಿಫ್ಟನ್ನೆಲ್ಲ ಅನುಮಾನಿಸಿದೆ, ನನ್ನ ಗೆಲುವನ್ನು ಮಾತ್ರ ಕಣ್ಣುಮುಚ್ಚಿ ನಂಬಿದೆ.

"ಅಪ್ಪ?" ಎಂದೆ. ದನಿ ಸಣ್ಣಗಾಗಿತ್ತು. "ಅಪ್ಪ ನನ್ನ ಹತ್ರ ನಿಜವಾಗ್ಲೂ ಸೋಲ್ತಿದ್ರು ಅಲ್ವಾ?"

ಅಮ್ಮ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡಳು. "ಮೊದಮೊದ್ಲು ಗೆಲ್ತಿದ್ರು ಕಣಪ್ಪ. ಆಮೇಲೆ ಹುಷಾರು ತಪ್ಪಿತಲ್ಲ. 'ಉಳಿದಿರೋ ದಿನದಲ್ಲಿ ಇವನು ವಾರವಾರ ಮಾತು ಬಿಟ್ಟು ಕೂತ್ರೆ ನಂಗೆ ಇವನು ಸಿಗೋದ್ಯಾವಾಗ' ಅಂದ್ರು."

ಅಳಬಾರದೆಂದು ಕನ್ನಡಕದವನ ಮೇಲೆ ರೇಗಿದೆ. "ಕೂತ್ಕೋ. ಈಗ ಸರಿಯಾಗಿ ಹೋರಾಡು. ಅವಳ ಮುಖ ನೋಡಬೇಡ, ನನ್ನ ನೋಡು. ಗ್ರಹ ಇದೇ ಇರ್ಲಿ."

ಅವನು ಕನ್ನಡಕ ಹಾಕಿಕೊಂಡ.

"ಅಪ್ಪಣೆ ದೂರದಿಂದ ಬರಬೇಕು ಸರ್. ಅದು ಬರೋ ಹೊತ್ತಿಗೆ ಗೂಡುಪಡೆ ಜಾಗ ಬಿಟ್ಟಿರುತ್ತೆ. ನಿಮ್ಮೋರು ಖಾಲಿ ಗುಹೆಗೆ ಗುಂಡು ಹೊಡೀತಾರೆ."

"ಚಳೀಲಿ ಎಲ್ಲಿಗೆ ಹೋಗ್ತವೆ? ಅಲ್ಲೇ ಬೀಳ್ತವೆ."

"ಬೀಳ್ತವೆ, ಆದ್ರೆ ಸಾಯಲ್ಲ, ಮಲಗಿರ್ತವೆ. ಸತ್ತವು ಅಂದ್ಕೊಂಡು ನಿಮ್ಮ ದಂಡನಾಯಕ ಯುದ್ಧ ಮುಗೀತು ಅಂತಾನೆ. ಅವನು ಹೇಳಿದ ಮೇಲೆ ಇನ್ನೊಂದ್ಸಲ ನೋಡೋ ಅಧಿಕಾರ ಯಾರಿಗೂ ಇಲ್ಲ. ಹಿಮ ಕರಗುತ್ತೆ, ಅವು ಏಳ್ತವೆ."

ಅವನ ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ಹಿಮದ ಗ್ರಹದಲ್ಲೇ, ನನ್ನ ಅಂಗಳದಲ್ಲೇ ಸೋತಿದ್ದೆ. ಮೂವರೂ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು. ಅವರು ಅಷ್ಟು ಹೆದರಿದ್ದನ್ನು ಕಂಡು ಇನ್ನಷ್ಟು ಅವಮಾನವಾಯಿತು.

"ಈ ವಾರ ನಾನು ನಿನ್ನ ಜತೆ ಮಾತಾಡಲ್ಲ" ಎಂದೆ ಅವನಿಗೆ. "ಬರೋ ಭಾನುವಾರ ನಿಮ್ಮ ಅಪ್ಪ ಅಮ್ಮನ್ನ ಕರ್ಕೊಂಡು ಬಾ. ಮದುವೆ ಮಾತಾಡೋಣ."

ತಂಗಿ ಅಳುತ್ತಿದ್ದಳೋ ನಗುತ್ತಿದ್ದಳೋ ನೋಡಲು ನಿಲ್ಲಲಿಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕೂತೆ. ಎಲ್ಲರಿಗಿಂತ ಹೆಚ್ಚು ಕೋಪ ಬಂದಿದ್ದು ಅಪ್ಪನ ಮೇಲೆ. ಅವರ ಜತೆ ಮಾತು ಬಿಡೋಣವೆಂದರೆ ಅವರೇ ಇಲ್ಲ.