ಲಿಂಗ ಬಿಚ್ಚದ ಹಾಲಸಿದ್ದಪ್ಪ

ಹಾಲಸಿದ್ದಪ್ಪನ ಎದೆ ಒಮ್ಮೆ ಬಡಿದು ಇನ್ನೊಮ್ಮೆ ಬಡಿಯುವುದರೊಳಗೆ ಒಬ್ಬ ಮನುಷ್ಯ ಕುರುಗೋಡಿಗೆ ಹೋಗಿ, ಎಲೆ ಅಡಿಕೆ ಹಾಕಿಕೊಂಡು, ವಾಪಸು ಬರಬಹುದಿತ್ತು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಇದನ್ನು ಅನುಮಾನಿಸಿದವರು ಯಾರೂ ಇರಲಿಲ್ಲ. ಆ ಸಂದಿನಲ್ಲಿ ಅವನು ಮೂರು ಸಲ ಭತ್ತದ ರಾಶಿಯ ಮೇಲೆ ಬಿದ್ದಿದ್ದ. ನಾಲ್ಕನೆಯ ಸಲ ಬರಿನೆಲಕ್ಕೆ ಬಿದ್ದಾಗ ಹೆಂಡತಿ ಅಕ್ಕನಾಗಮ್ಮ ಬಳ್ಳಾರಿಗೆ ಕರೆತಂದಳು. ಎಡಗಡೆ ಕೊರಳೆಲುಬಿನ ಕೆಳಗೆ ಪೇಸ್‌ಮೇಕರ್ ಇಡದಿದ್ದರೆ ಮುಂದಿನ ಸಲ ಏಳುವುದು ಕಷ್ಟ ಎಂದು ಪಾರ್ವತಿನಗರದ ಡಾಕ್ಟರು ಹೇಳಿದರು. ೧೯೮೭ರ ಮಾತು.

ಬೆಳಿಗ್ಗೆಯಿಂದ ಹನಿ ನೀರು ಕೊಡಲಿಲ್ಲ. ಮೈ ತೊಳೆಸಿದರು, ಎದೆಯ ಕೂದಲು ಬೋಳಿಸಿದರು, ಬಿಳಿ ಬಟ್ಟೆ ಉಡಿಸಿದರು. ಒಂದೊಂದಕ್ಕೂ ಅವನಿಗೆ ತನ್ನ ಅಪ್ಪನ ಹೆಣ ನೆನಪಾಗುತ್ತಿತ್ತು. ಇನ್ನು ವಿಭೂತಿಯೊಂದು ಬಾಕಿ ಎಂದುಕೊಳ್ಳುವಷ್ಟರಲ್ಲಿ ಕಂದು ಬಣ್ಣದ ಔಷಧಿ ಬಳಿಯಲು ಬಂದರು.

ನರ್ಸ್ ಸೀತಾಬಾಯಿ ಅವನ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯತ್ತ ಬೆರಳು ತೋರಿಸಿ, ಕೊಯ್ಯುವ ಜಾಗಕ್ಕೇ ಲಿಂಗ ಬರುತ್ತದೆ, ಬಿಚ್ಚಬೇಕು ಎಂದಳು.

"ಇದು ಮೈ ಬಿಟ್ರ ಜೀವಾನೂ ಬಿಡತೈತ್ರಿ," ಎಂದ ಹಾಲಸಿದ್ದಪ್ಪ. "ಕೂಸಿದ್ದಾಗ ಕಟ್ಯಾರ."

ಸೀತಾಬಾಯಿ ನಗಲಿಲ್ಲ. ಅವಳ ಮನೆಯಲ್ಲೂ ಮಡಿ ಇತ್ತು. ಅರ್ಧ ಗಂಟೆಯೊಳಗೆ ಆಗದಿದ್ದರೆ ಡಾಕ್ಟರು ನಾಳೆಗೆ ಹಾಕುತ್ತಾರೆ ಎಂದಳಷ್ಟೆ. ನಾಳೆ ಎಂಬ ಮಾತಿಗೇ ಅವನ ಎದೆ ನಿಂತಿತು. ಪಕ್ಕದಲ್ಲಿದ್ದ ಅಕ್ಕನಾಗಮ್ಮನೂ ಸೇರಿ ಮೂವರೂ ಕಾದರು. ಕಡೆಗೊಮ್ಮೆ ಬಡಿಯಿತು.

ಅಕ್ಕನಾಗಮ್ಮ ಗಂಡನ ಮಂಚ ಹಿಡಿದು ಕೇಳಿದಳು: "ಹೊಳಿ ತುಂಬಿದಾಗ ಈಜಾಕ ಹೋಗ್ತಿದ್ರೆಲ್ಲ, ಆವಾಗ ಲಿಂಗ ಎಲ್ಲಿ ಕಟ್ಕೋತಿದ್ರಿ?"

"ತಲಿ ಮ್ಯಾಲ. ರುಮಾಲಿನಾಗ."

"ತಲಿ ಏನು ಮಂದಿದಾ?"

ಸೀತಾಬಾಯಿ ಕುದಿಸಿದ ಬಟ್ಟೆ ತಂದಳು. ಹಾಲಸಿದ್ದಪ್ಪ ಕರಡಿಗೆಯಿಂದ ಲಿಂಗ ತೆಗೆದು, ಕೊರಳಿನಿಂದ ಗಲ್ಲಕ್ಕೆ, ಗಲ್ಲದಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ, ಕೂದಲೆಳೆಯಷ್ಟೂ ಮೈ ಬಿಡದಂತೆ ಜಾರಿಸಿಕೊಂಡು ಹೋದ. ಆ ಪ್ರಯಾಣಕ್ಕೆ ಕಾಲು ಗಂಟೆ ಹಿಡಿಯಿತು. ಬಟ್ಟೆ ಬಿಗಿದು ಮೇಲೊಂದು ಹಸಿರು ಟೊಪ್ಪಿಗೆ ಹಾಕಿದರು.

ಒಳಗೆ ಡಾಕ್ಟರು ಮುಖ ಬಲಕ್ಕೆ ತಿರುಗಿಸು ಎಂದರು. ತಿರುಗಿಸಿದ; ಗಂಟು ಸಡಿಲಾಯಿತು. ಅವನ ಕೈಗಳನ್ನು ಆಗಲೇ ಕಟ್ಟಿದ್ದರು.

"ಜಾರಾಕತ್ತೈತವಾ."

ಸೀತಾಬಾಯಿ ತಲೆಯ ಕಡೆ ಬಂದು ಟೊಪ್ಪಿಗೆಯ ಮೇಲೆ ಅಂಗೈ ಒತ್ತಿದಳು. ಅವನು ಕೈ ಐತೇನು ಎಂದ. ಅದ ಅಪ್ಪಾ ಎಂದಳು. ಸೂಜಿ ಚುಚ್ಚಿದಾಗ ಕೇಳಿದ, ಕತ್ತರಿಯ ಸಪ್ಪಳಕ್ಕೆ ಕೇಳಿದ, ಸಪ್ಪಳವಿಲ್ಲದಾಗ ಇನ್ನೂ ಹೆದರಿ ಕೇಳಿದ. ನಲವತ್ತು ಸಲ ಕೇಳಿರಬೇಕು. ಯಂತ್ರ ಯಾವಾಗ ಎದೆ ಬಡಿಸತೊಡಗಿತೋ ಅವನ ಗಮನಕ್ಕೇ ಬರಲಿಲ್ಲ. ಡಾಕ್ಟರು ಹೊಲಿಗೆ ಮುಗಿಸಿ ಕೈಗವಸು ಕಳಚಿ ಹೋದರು. ಹಾಲಸಿದ್ದಪ್ಪ ಕಣ್ಣು ಮುಚ್ಚಿಕೊಂಡೇ ಇದ್ದ.

"ಕೈ ಐತೇನವಾ?"

"ಅದ ಅಪ್ಪಾ," ಎಂದಳು ಸೀತಾಬಾಯಿ. ಅವಳ ಬೆರಳು ಜೋಮು ಹಿಡಿದಿದ್ದವು.