ನಡುವಿನ ಕುರ್ಚಿ

"ಇಲ್ಲಿ ಏನೂ ಕೇಳಿಸ್ತಿಲ್ಲ ಗುಂಡಪ್ಪನವರೇ. ಪಕ್ಕದ ಮನೇಲಿ ಒಗ್ಗರಣೆ ಹಾಕ್ದಂಗೆ ಬರೀ ಚುಸ್ ಚುಸ್ ಅಂತಿದೆ," ಎಂದರು ಅಂಬುಜಾ.

ಅಂಬುಜಾ ನಾಗಪುರದ ಕನ್ನಡ ಸಂಘದ ಕಾರ್ಯದರ್ಶಿ, ಮೈಸೂರಿನವರು. ಸಭಾಂಗಣದ ನಟ್ಟನಡುವಿನ ಕುರ್ಚಿಯಲ್ಲಿ ಕುಳಿತಿದ್ದರು. ಅವರ ಬೆನ್ನ ಹಿಂದೆ, ಆಂಪ್ಲಿಫೈಯರಿನ ಮೇಜಿನ ಬಳಿ ಗುಂಡಪ್ಪ ನಿಂತಿದ್ದರು. ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತರಾದ ಮೇಲೆ ಸಂಘದ ಧ್ವನಿವರ್ಧಕಗಳ ದುರಸ್ತಿ ಅವರ ಪಾಲಿಗೆ ಬಂದಿತ್ತು. ವೇದಿಕೆಯ ಮೇಲೆ ಮೈಕಿನ ಮುಂದೆ ಅವರ ಹೆಂಡತಿ ವತ್ಸಲಾ ಇದ್ದರು.

ವತ್ಸಲಾ ಅನೇಕ ವರ್ಷಗಳಿಂದ ಸಂಘದಲ್ಲಿ ಹಾಡುತ್ತ ಬಂದವರು. ಚಳಿಗಾಲದಲ್ಲಿ ಥೈರಾಯ್ಡ್ ಗಡ್ಡೆ ತೆಗೆಸಿಕೊಂಡ ಮೇಲೆ ಸ್ವರ ಬರಿಯ ಗಾಳಿಯಾಗಿತ್ತು. ಮರಳಬಹುದು, ಮರಳದೆಯೂ ಇರಬಹುದು ಎಂದು ವೈದ್ಯರು ಹೇಳಿದ್ದರು. ಅಂದಿನಿಂದ ಅವರು ಗಂಡನ ಮುಂದೆ ಪಿಸುಮಾತಿಗಿಂತ ಮೇಲೆ ಏರಲಿಲ್ಲ. ಅಭ್ಯಾಸವೆಲ್ಲ ಗಂಡ ಹೊರಗೆ ಹೋದಾಗ. ಈ ಸಂಜೆಯ ಸಂಘದ ಕಾರ್ಯಕ್ರಮದಲ್ಲಿ ಹಾಡುತ್ತೇನೆಂದು ಅವರಾಗಿಯೇ ಹೇಳಿದಾಗ ಗುಂಡಪ್ಪ ಸಭಾಂಗಣದ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದರು. ಹರಿದಿದ್ದ ಬಲಗಡೆಯ ಸ್ಪೀಕರಿಗೆ ಸದ್ದು ಹೊರಡಿಸುವ ಹೊಸ ಕಾಗದದ ಕೋನ್ ಕೂಡಿಸಿ, ತಂತಿ ಬೆಸೆದು ತಂದರು.

ವತ್ಸಲಾ ಮತ್ತೊಂದು ಸಾಲು ಹಾಡಿದರು. ಗುಂಡಪ್ಪ ವಾಲ್ಯೂಮ್ ಏರಿಸಿದರು. ಅಕ್ಷರಗಳ ಅಂಚು ಮಾತ್ರ ಬಂದಿತು. ಒಳಗಿನ ತುಂಬು ಬರಲಿಲ್ಲ. ಸ್ವರ ಹೋಯಿತೆಂದು ನಿಶ್ಚಯಿಸಿ ಗುಂಡಪ್ಪ ತಲೆ ತಗ್ಗಿಸಿದರು.

ಅದನ್ನು ವತ್ಸಲಾ ನೋಡಿದರು. ಮನೆಯ ಅಭ್ಯಾಸದಲ್ಲಿ ಸ್ವರ ಮರಳಿದಂತೆ ತನಗೆ ಕೇಳಿಸಿದ್ದು ತನ್ನ ಆಸೆಯಷ್ಟೇ ಎಂದುಕೊಂಡರು. ಹೋದ ವರ್ಷದ ಧ್ವನಿಮುದ್ರಣವನ್ನೇ ಹಾಕೋಣವೇ ಎಂದು ಅಂಬುಜಾ ಮೆಲ್ಲಗೆ ಕೇಳಿದರು.

"ಹಚ್ರಿ ಅದನ್ನ," ಎಂದರು ವತ್ಸಲಾ. "ನಾ ಇನ್ನ ಹಾಡೂದಿಲ್ಲ. ಇವತ್ತೂ ಇಲ್ಲ, ಮುಂದೂ ಇಲ್ಲ."

ಮೈಕಿನ ಸ್ಟ್ಯಾಂಡ್ ತೆಗೆಯಲು ಗುಂಡಪ್ಪ ಬಲಗೋಡೆಯ ಪಕ್ಕದಿಂದ ವೇದಿಕೆಯ ಕಡೆಗೆ ನಡೆದರು. ಬಲಗಡೆಯ ಸ್ಪೀಕರಿನ ಮುಂದೆ ಬಂದಾಗ ವತ್ಸಲಾ ಮೈಕಿನ ಎದುರಿನಿಂದಲೇ ಕೇಳಿದರು: "ರೀ, ನನ್ನ ಚಷ್ಮಾ ನಿಮ್ಮ ಕಿಸೇದಾಗ ಐತೇನು?"

ಗುಂಡಪ್ಪ ನಿಂತುಬಿಟ್ಟರು. ಹಿಂದೆ ಕ್ವಾರ್ಟರ್ಸಿನ ಬಾಗಿಲಿನಿಂದ ಹಳಿಗಳಾಚೆಗೂ ಅವರನ್ನು ಊಟಕ್ಕೆ ಕರೆಯುತ್ತಿದ್ದ ಸ್ವರ ಅದು.

"ಏನಂದಿ? ಇನ್ನೊಮ್ಮೆ ಅನ್ನು."

"ಚಷ್ಮಾ ಅಂದೆ. ಗಂಟಲಾ ನಂದು ಹೋತು, ಕಿವಿ ನಿಮ್ಮವು ಹೋದೂ ಏನು?"

ಮಾತಾಡುತ್ತಲೇ ಇರಲು ಸನ್ನೆ ಮಾಡಿ ಅವರು ಎಡಗಡೆಯ ಪೆಟ್ಟಿಗೆಯ ಬಳಿಗೆ ಹೋದರು. ಅಲ್ಲಿಯೂ ಸ್ವರ ತುಂಬಿತ್ತು. ನಡುವಿಗೆ ಬಂದರು, ಸ್ವರ ಇಲ್ಲ. ಕುರ್ಚಿಯೊಂದನ್ನು ಗೋಡೆಗೆ ಎಳೆದು, ಹತ್ತಿ, ಗಡಿಯಾರದೊಳಗಿನ ಸೆಲ್ ಬಿಚ್ಚಿಕೊಂಡರು. ಅಂಬುಜಾ ಕಾರಣ ಕೇಳುವಷ್ಟರಲ್ಲಿ ಕೆಳಗಿಳಿದಿದ್ದರು.

ಎರಡೂ ಪೆಟ್ಟಿಗೆಗಳ ತಂತಿಗಳನ್ನು ಆಂಪ್ಲಿಫೈಯರಿನಿಂದ ಬಿಡಿಸಿ, ಮುಂದಿನ ಜಾಲರಿಗಳನ್ನು ತೆಗೆದರು. ಎಡಗಡೆಯ ತಂತಿಗೆ ಸೆಲ್ ತಾಗಿಸಿದಾಗ ಕೋನ್ ಅಕ್ಕಿಕಾಳಿನಷ್ಟು ಮುಂದೆ ಬಂದಿತು. ಬಲಗಡೆಗೆ ಹಾಗೆಯೇ ತಾಗಿಸಿದರು. ಕೋನ್ ಅಷ್ಟೇ ಹಿಂದೆ ಸರಿಯಿತು.

"ತಪ್ಪು ನಂದ ಐತ್ರಿ," ಎಂದರು ಗುಂಡಪ್ಪ. "ತಂತಿ ಉಲ್ಟಾ ಬೆಸದೀನಿ. ಒಂದು ಮುಂದ ನೂಕಿದ್ದನ್ನ ಇನ್ನೊಂದು ಹಿಂದ ಎಳದೈತಿ. ನಡುವ ಬರೂದ್ರಾಗ ಬರೋಬರ್ ಸೊನ್ನಿ."

ಲೆಕ್ಕ ಸರಳವಾದುದು, ಅವರಿಗೆ ಹೊಸದಲ್ಲ. ಆದರೂ ಅವರು ಒಮ್ಮೆ ಎಡಗಡೆಗೆ, ಒಮ್ಮೆ ಬಲಗಡೆಗೆ ನೋಡಿದರು. ಸ್ವರ ಇಷ್ಟು ಹೊತ್ತೂ ಈ ಕೋಣೆಯಲ್ಲಿ ಇಡಿಯಾಗಿ ಇತ್ತು. ಎರಡು ಕಡೆಯೂ ಇತ್ತು. ಅವು ಕೂಡಿದಲ್ಲಿ, ತಾವು ನಿಂತು ತೀರ್ಪು ಕೊಟ್ಟಲ್ಲಿ ಮಾತ್ರ ಇರಲಿಲ್ಲ.

ಬಲಗಡೆಯ ತಂತಿಗಳನ್ನು ಅದಲುಬದಲು ಮಾಡಿ ಎಲ್ಲವನ್ನೂ ಮತ್ತೆ ಜೋಡಿಸಿದರು.

"ಈಗ ಹಾಡು."

"ಮೊದಲ ನೀವು ನಡುವ ಕುಂಡ್ರಿ," ಎಂದರು ವತ್ಸಲಾ. "ಮುಖ ಮ್ಯಾಲ ಮಾಡ್ರಿ."

ಅಂಬುಜಾ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಗುಂಡಪ್ಪ ಕುಳಿತರು. ವತ್ಸಲಾ ಉಸಿರು ತೆಗೆದುಕೊಂಡರು.

ಸ್ವರ ಮೊದಲಿಗಿಂತ ತಗ್ಗಿನಲ್ಲಿತ್ತು, ತುಸು ಒರಟಾಗಿತ್ತು. ಅದು ಎಡದಿಂದಲೂ ಬರಲಿಲ್ಲ, ಬಲದಿಂದಲೂ ಬರಲಿಲ್ಲ. ಯಾವ ಪೆಟ್ಟಿಗೆಯೂ ಇಲ್ಲದ ನಡುಜಾಗದಿಂದ, ವತ್ಸಲಾ ನಿಂತಿದ್ದ ಸ್ಥಳದಿಂದಲೇ ಎದ್ದು, ನೇರವಾಗಿ ಎದೆಗೆ ಬಂದು ನಿಂತಿತು.

ಜನ ಒಬ್ಬೊಬ್ಬರಾಗಿ ಬರತೊಡಗಿದರು. ಬಾಗಿಲಲ್ಲೇ ಚಪ್ಪಲಿ ಕಳಚಿ ಸದ್ದಿಲ್ಲದೆ ಕುಳಿತರು. ಹೊತ್ತೆಷ್ಟಾಯಿತೆಂದು ಅಂಬುಜಾ ಗೋಡೆಯತ್ತ ನೋಡಿದರು. ಮುಳ್ಳುಗಳು ನಿಂತಲ್ಲೇ ನಿಂತಿದ್ದವು. ಸೆಲ್ ಗುಂಡಪ್ಪನವರ ಮುಷ್ಟಿಯಲ್ಲಿ ಬೆಚ್ಚಗಾಗಿತ್ತು.