ನೆಕ್ಕಿ ನೋಡಿದ ಹುಳಿ

ಐದು ತಿಂಗಳಿಂದ ಝೈನಬಳ ಪೊಲಾರಿಮೀಟರು, ಬೆಳಕಿನ ತಿರುವು ಅಳೆಯುವ ಆ ಉಪಕರಣ, ಸೊನ್ನೆ ಬಿಟ್ಟು ಬೇರೇನನ್ನೂ ತೋರಿಸಿರಲಿಲ್ಲ. ೧೯೭೯ರಲ್ಲಿ ಕಾಪುವಿನಿಂದ ದಿನಾ ಬಸ್ಸು ಹಿಡಿದು ಮಣಿಪಾಲಕ್ಕೆ ಸಂಶೋಧನೆಗೆ ಹೋಗುತ್ತಿದ್ದ ಹುಡುಗಿ ಅವಳೊಬ್ಬಳೇ.

ಅವಳ ಕೆಲಸ ಕೇಳಲಿಕ್ಕೆ ಸರಳ. ಕೆಲವು ಅಣುಗಳು ಚಪ್ಪಲಿಯ ಜೋಡಿಯ ಹಾಗೆ: ಎಡಗಾಲಿನದೊಂದು, ಬಲಗಾಲಿನದೊಂದು. ನಿಕ್ಕಲ್ ಪುಡಿಯನ್ನು ವೇಗವರ್ಧಕವಾಗಿ ಹಾಕಿದರೆ ಎರಡೂ ಸಮಸಮ ಹುಟ್ಟುತ್ತವೆ. ಆ ನಿಕ್ಕಲನ್ನು ಮೊದಲು ಹುಣಸೆಯಲ್ಲೂ ಇರುವ ಟಾರ್ಟಾರಿಕ್ ಆಮ್ಲದಲ್ಲಿ ನೆನೆಸಿಟ್ಟರೆ ಒಂದೇ ಕಾಲಿನದು ಹೆಚ್ಚು ಹುಟ್ಟಬೇಕು. ಪೊಲಾರಿಮೀಟರಿನ ಬೆಳಕು ಹಾಗೆ ಹುಟ್ಟಿದ್ದರೊಳಗೆ ಹಾಯುವಾಗ ಒಂದು ಕಡೆಗೆ ತಿರುಗಬೇಕು. ತಿರುಗಲೇ ಇಲ್ಲ.

"ಈ ತಿಂಗಳೂ ಸೊನ್ನೆಯಾದರೆ ವಿಷಯ ಬದಲಿಸುವ," ಎಂದರು ಗೈಡ್ ಹೃಷೀಕೇಶ ರಾಯರು. ಹೇಳುವಾಗ ಅವಳ ಮುಖ ನೋಡಲಿಲ್ಲ.

ಆದಿತ್ಯವಾರ ಮನೆಯಲ್ಲಿ ಅವಳ ತಾಯಿ, ಉಮ್ಮ ಜುಬೈದಾ, ಬಂಗುಡೆ ಮೀನಿನ ಸಾರಿಗೆ ಹುಣಸೆಹುಳಿಯ ಉಂಡೆ ಮುರಿದು, ಚೂರು ನಾಲಿಗೆಗಿಟ್ಟು ನೋಡಿದರು.

"ನಿನ್ನೆಯೂ ನೆಕ್ಕಿದ್ದೀರಲ್ಲ ಉಮ್ಮ?"

"ಅದು ನಿನ್ನೆಯ ಉಂಡೆ. ನಿನ್ನ ಪುಡಿಗೂ ಹುಳಿಯೇ ಹಾಕುವುದು ಅಂತ ನೀನೇ ಹೇಳಿದ್ದೆ, ಅಲ್ವಾ? ಹಾಕುವ ಮೊದಲು ನೋಡಿದ್ದೀಯಾ?"

"ಬಾಟಲಿಗೆ ಲೇಬಲ್ ಉಂಟು."

"ಲೇಬಲ್ ಹಾಕಿದರೆ ಸಾರು ಹುಳಿಯಾಗುತ್ತದಾ ಮಾರಾಯ್ತಿ?"

ಝೈನಬ್ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಹುಟ್ಟಿದ್ದನ್ನೆಲ್ಲ ಪರೀಕ್ಷಿಸಿದ್ದಳು, ನಿಕ್ಕಲ್ ನೆನೆಸಿದ ಆಮ್ಲವನ್ನು ಒಮ್ಮೆಯೂ ಇಲ್ಲ.

ಸೋಮವಾರ ಬಾಟಲಿಯ ಆಮ್ಲವನ್ನೇ ಕರಗಿಸಿ ಪೊಲಾರಿಮೀಟರಿಗಿಟ್ಟಳು. ಸೊನ್ನೆ. ಕಾರ್ಖಾನೆಯ ಹುಳಿ, ಎಡವೂ ಬಲವೂ ಸಮವಾಗಿ ಬೆರೆತದ್ದು; ಅದರಲ್ಲಿ ನೆನೆದ ನಿಕ್ಕಲಿಗೂ ಒಂದು ಕಾಲಿನ ಪಕ್ಷವಿಲ್ಲ. ಹುಣಸೆಮರವಾದರೆ ಈ ಆಮ್ಲವನ್ನು ಒಂದೇ ಕಾಲಿನದಾಗಿ ಮಾಡುತ್ತದೆ.

ಮರುದಿನ ಅವಳ ಚೀಲದಲ್ಲಿ ಉಮ್ಮನ ಎರಡು ದೊಡ್ಡ ಉಂಡೆಗಳಿದ್ದವು. "ಹೊಸ ಹುಳಿ ಕೊಟ್ಟಿದ್ದೇನೆ, ಹಾಳು ಮಾಡಬೇಡ," ಎಂದು ಉಮ್ಮ ಎರಡು ಸಲ ಹೇಳಿದ್ದರು. ಕುದಿಸಿ, ಸೋಸಿ, ಸುಣ್ಣ ಬೆರೆಸಿ ಗಸಿ ಇಳಿಸಿ, ಆಮ್ಲವನ್ನು ಮತ್ತೆ ಬಿಡಿಸಿ ಹರಳು ಕಟ್ಟುವಷ್ಟರಲ್ಲಿ ವಾರ ಕಳೆಯಿತು. ಈ ಸಲ ಮೊದಲೇ ನೋಡಿದಳು. ಬೆಳಕು ಬಲಕ್ಕೆ ತಿರುಗಿತು. ಅದರಲ್ಲಿ ನಿಕ್ಕಲನ್ನು ನೆನೆಸಿದಳು. ಆಮ್ಲ ಬಲಕ್ಕೆ ತಿರುಗಿಸಿದರೂ, ಆ ನಿಕ್ಕಲಿನಿಂದ ಹುಟ್ಟುವುದು ಬೆಳಕನ್ನು ಎಡಕ್ಕೆ ತಿರುಗಿಸಬೇಕು.

ತಿಂಗಳ ಕೊನೆಯ ಶುಕ್ರವಾರ ರಾಯರು ಕನ್ನಡಕ ಒರೆಸಿ, ಹಾಗೆ ಹುಟ್ಟಿದ್ದನ್ನು ಇಟ್ಟ ಪೊಲಾರಿಮೀಟರಿಗೆ ಮತ್ತೊಮ್ಮೆ ಕಣ್ಣಿಟ್ಟರು. "ಎಡಕ್ಕೆ ಆರು ಡಿಗ್ರಿ! ವಿಷಯ ಬದಲಿಸುವ ಮಾತು ಯಾರು ಹೇಳಿದ್ದು?"

"ನೀವೇ ಸರ್."

"ಹೌದಾ? ನನಗೆ ನೆನಪಿಲ್ಲ."

ಸಂಜೆ ಉಮ್ಮ ಕೇಳಿದರು, "ಆರು ಅಂದರೆ ತುಂಬಾ?"

"ತುಂಬಾ ಅಲ್ಲ. ಪೂರಾ ಒಂದೇ ಕಾಲಿನದಾದರೆ ಇಪ್ಪತ್ತು ದಾಟಬೇಕು."

"ಹಾಗಾದರೆ ಹುಳಿ ಕಮ್ಮಿಯಾಗಿದೆ," ಎಂದು ಉಮ್ಮ ಎದ್ದು ಭರಣಿಯ ಮುಚ್ಚಳ ತೆಗೆದರು. ಇನ್ನೊಂದು ಉಂಡೆ ತೆಗೆದು, ಚೂರು ನೆಕ್ಕಿ ನೋಡಿ, ಮಗಳ ಚೀಲಕ್ಕೆ ಹಾಕಿದರು.